ಎಪ್ಪತ್ತು ಅಕ್ಷರದ ಇಂಟರ್ನ್‌ಶಿಪ್

ಜನವರಿ ಬಂತೆಂದರೆ ಐಟಿಯಲ್ಲಿರುವ ನಮ್ಮೆಲ್ಲರ ವಾಟ್ಸಾಪ್‌ಗೂ ಒಂದೇ ಥರದ ಮೆಸೇಜ್‌ಗಳು ಶುರು. ಚಿಕ್ಕಮ್ಮನ ಮಗ, ಕಾಲೇಜಿನ ಜೂನಿಯರ್, ಊರಿನ ಮೇಷ್ಟ್ರ ಮಗಳು. ‘ಅಣ್ಣಾ, ನಿಮ್ಮ ಕಂಪನೀಲಿ ಇಂಟರ್ನ್‌ಶಿಪ್ ಇದ್ಯಾ? ಸ್ಟೈಪೆಂಡ್ ಕೊಡದಿದ್ರೂ ಪರವಾಗಿಲ್ಲ.’ ಇತ್ತೀಚೆಗೆ ಇದಕ್ಕೆ ಇನ್ನೊಂದು ಸಾಲು ಸೇರಿಕೊಂಡಿದೆ: ‘ದುಡ್ಡು ಕಟ್ಟಬೇಕು ಅಂದ್ರೂ ಕಟ್ತೀನಿ.’

ಅವರ ಅವಸರಕ್ಕೆ ಕಾರಣ ಇದೆ. ವಿಟಿಯು ಪಠ್ಯಕ್ರಮದಲ್ಲಿ ಈಗ ಇಂಟರ್ನ್‌ಶಿಪ್ ಕಡ್ಡಾಯ. ಅದಕ್ಕೆ ಕ್ರೆಡಿಟ್ ಇದೆ, ಅದು ಮುಗಿಯದೆ ಡಿಗ್ರಿ ಕೈಗೆ ಬರೋದಿಲ್ಲ. ಕಾಲೇಜುಗಳು ಬೀದರ್‌ನಿಂದ ಚಾಮರಾಜನಗರದವರೆಗೆ ಹರಡಿಕೊಂಡಿವೆ. ಸಾಫ್ಟ್‌ವೇರ್ ಕಂಪನಿಗಳು ಮಾತ್ರ ಬಹುಪಾಲು ಬೆಂಗಳೂರಿನಲ್ಲೇ. ಸೀಟು ಕಡಿಮೆ, ಕೇಳೋರು ಜಾಸ್ತಿ. ಹಾಗಾಗಿ ಮಧ್ಯದಲ್ಲಿ ಅಂಗಡಿಗಳು ತೆರೆದುಕೊಂಡಿವೆ.

ದುಡ್ಡು ಕಟ್ಟೋ ಮೊದಲು ಇಂಟರ್ನ್‌ಶಿಪ್‌ನಲ್ಲಿ ನಿಜವಾಗಿ ಸಿಗಬೇಕಾದ್ದು ಏನು ಅಂತ ಗೊತ್ತಿರಬೇಕು. ನನಗೆ ಸಿಕ್ಕಿದ್ದನ್ನು ಹೇಳ್ತೀನಿ.

2017ರ ಜನವರಿ. ನಾನು ಚಿತ್ರದುರ್ಗ ಜಿಲ್ಲೆಯವನು, ಎಂಟನೇ ಸೆಮಿಸ್ಟರ್. ಮಾರತ್‌ಹಳ್ಳಿಯಲ್ಲಿ ಮೂವರು ಇರೋ ಪಿಜಿ ರೂಮು, ಆಫೀಸು ಐಟಿಪಿಎಲ್ ಹತ್ತಿರ. ಆಗ ಆ ಕಡೆಗೆ ಮೆಟ್ರೋ ಇರಲಿಲ್ಲ. 335ಇ ಬಸ್ಸೇ ಗತಿ. ಸ್ಟೈಪೆಂಡ್ ತಿಂಗಳಿಗೆ ಹತ್ತು ಸಾವಿರ. ಅದರಲ್ಲಿ ಪಿಜಿಗೆ ಆರು ಹೋಗ್ತಿತ್ತು. ಕಂಪನಿ ದೊಡ್ಡದೇನಲ್ಲ. ಸಣ್ಣ ಪಟ್ಟಣಗಳ ಸಹಕಾರ ಸಂಘಗಳಿಗೆ, ಸಾಲ ಕೊಡುವ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡ್ತಿದ್ದರು.

ಮೊದಲ ಎರಡು ವಾರ ನನಗೆ ಯಾರೂ ಕೆಲಸ ಕೊಡಲಿಲ್ಲ. ಲ್ಯಾಪ್‌ಟಾಪ್ ಸಿಕ್ಕಿತ್ತು, ಅಕ್ಸೆಸ್ ಸಿಕ್ಕಿರಲಿಲ್ಲ. ಬೆಳಗ್ಗೆ ಹತ್ತೂವರೆಯ ಸ್ಟ್ಯಾಂಡಪ್ ಮೀಟಿಂಗಲ್ಲಿ ಎಲ್ಲರೂ ‘ನಿನ್ನೆ ಇದು ಮಾಡಿದೆ, ಇವತ್ತು ಇದು’ ಅಂತ ಹೇಳೋರು. ನನ್ನ ಸರದಿ ಬಂದಾಗ ‘ಡಾಕ್ಯುಮೆಂಟ್ ಓದ್ತಾ ಇದೀನಿ’ ಅಂತಿದ್ದೆ. ಮೂರನೇ ವಾರ ಒಬ್ಬ ಮೆಂಟರ್ ಸಿಕ್ಕರು. ಕೋಲಾರದವರು, ಮನೇಲಿ ತೆಲುಗು, ಆಫೀಸಲ್ಲಿ ಇಂಗ್ಲಿಷ್, ನನ್ನ ಜತೆ ಕನ್ನಡ. ‘ಹೆಸರು ಹಿಡಿದೇ ಕರಿ, ಇಲ್ಲಿ ಮೇಡಂಗೀಡಂ ಏನಿಲ್ಲ’ ಅಂದರು. ನಾಲಿಗೆ ಹೊರಳಲಿಲ್ಲ. ಕೊನೆಯವರೆಗೂ ಮೇಡಂ ಅಂತಲೇ ಕರೆದೆ.

ಅವರು ಮೊದಲ ದಿನ ಒಂದು ನಿಯಮ ಹೇಳಿದರು. ‘ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಅರ್ಧ ಗಂಟೆ ನೀನೇ ಒದ್ದಾಡು. ಅರ್ಧ ಗಂಟೆ ಆದ್ಮೇಲೂ ಒದ್ದಾಡ್ತಾ ಕೂತ್ರೆ ಅದು ಶ್ರಮ ಅಲ್ಲ, ಸಂಕೋಚ. ನನ್ನ ಹತ್ರ ಬಾ. ಬರೋವಾಗ ಮೂರು ವಿಷಯ ತಗೊಂಡು ಬಾ: ಏನು ಆಗ್ಬೇಕಿತ್ತು, ನೀನು ಏನು ಮಾಡ್ದೆ, ಏನು ಆಯ್ತು.’ ಲ್ಯಾಬ್ ಮ್ಯಾನ್ಯುಯಲ್ ನೋಡಿ ಪ್ರೋಗ್ರಾಂ ಬರೆದು, ಔಟ್‌ಪುಟ್ ಬಂದರೆ ಹತ್ತು ಮಾರ್ಕ್ಸ್ ಅಂತ ಬೆಳೆದವನಿಗೆ ಇದೇ ಹೊಸದು. ಕಾಲೇಜಲ್ಲಿ ಪ್ರಶ್ನೆ ಕೇಳೋರಿಗೆ ಉತ್ತರ ಮೊದಲೇ ಗೊತ್ತಿರುತ್ತೆ. ಇಲ್ಲಿ ಅವರಿಗೂ ಗೊತ್ತಿಲ್ಲ.

ನಂತರ ಒಂದು ಬಗ್ ಕೊಟ್ಟರು. ಸಾಲದ ಕಂತು ನೆನಪಿಸಲು ಗ್ರಾಹಕರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಹೋಗುತ್ತಿತ್ತು. ಅದರಲ್ಲಿ ಕೆಲವರ ಹೆಸರು ತುಂಡಾಗುತ್ತಿತ್ತು. ‘ಕೃಷ್ಣಮೂರ್ತಿ’ ಅಂತ ಇದ್ದರೆ ‘ಕೃಷ್ಣಮೂರ್ತ’ ಅಂತ ಹೋಗೋದು.

ಮೊದಲ ದಿನ ಏನೂ ತಲೆಗೆ ಹತ್ತಲಿಲ್ಲ. ಎರಡನೇ ದಿನ ಕೂತು ಎಣಿಸಿದೆ. ನಮ್ಮ ಕಣ್ಣಿಗೆ ‘ಕೃಷ್ಣಮೂರ್ತಿ’ ನಾಲ್ಕು ಅಕ್ಷರ: ಕೃ, ಷ್ಣ, ಮೂ, ರ್ತಿ. ಕಂಪ್ಯೂಟರ್‌ಗೆ ಹಾಗಲ್ಲ. ಯೂನಿಕೋಡ್‌ನಲ್ಲಿ ವ್ಯಂಜನ ಒಂದು, ಕಾಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರ ಬಂದರೆ ನಡುವೆ ಅಡಗಿರುವ ಹಲಂತ ಮತ್ತೊಂದು. ಹೀಗೆ ಬಿಡಿಸಿದರೆ ನಾಲ್ಕು ಅಕ್ಷರದ ಹೆಸರು 11 ತುಂಡಾಗುತ್ತೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ತುಂಡಿಗೆ ಮೂರು ಬೈಟ್, ಒಟ್ಟು 33. ಹಳೆಯ ಕೋಡ್‌ನಲ್ಲಿ ಯಾರೋ ಹೆಸರಿಗೆ ಅಂತ 30 ಬೈಟ್ ಜಾಗ ಮೀಸಲಿಟ್ಟಿದ್ದರು. ಇಂಗ್ಲಿಷ್‌ನಲ್ಲಿ ಅದೇ ಹೆಸರಿಗೆ 13 ಅಕ್ಷರ, 13 ಬೈಟ್, ಆದ್ದರಿಂದ ತೊಂದರೆ ಇಲ್ಲ. ಕನ್ನಡದಲ್ಲಿ ಕೊನೆಯ ಗುಡಿಸು ಹೊರಗೆ ಉಳಿಯಿತು. ಆ ಕೋಡ್ ಬರೆದವರ ತಪ್ಪು ಅಂತಲೂ ಅಲ್ಲ. ಅವರು ಬರೆದಾಗ ಕನ್ನಡದ ಹೆಸರು ಅಲ್ಲಿಗೆ ಬರುತ್ತೆ ಅಂತ ಯಾರೂ ಹೇಳಿರಲಿಲ್ಲ.

ಸರಿಪಡಿಸಿದ್ದು ಮೂರು ಸಾಲು. ಅದಕ್ಕೆ ರಿವ್ಯೂನಲ್ಲಿ ಬಂದಿದ್ದು ಹದಿನೇಳು ಕಾಮೆಂಟ್. ‘ಇದೇ ಫೈಲ್ ಇನ್ನೆಲ್ಲೆಲ್ಲಿ ಓದ್ತಾರೆ, ನೋಡಿದ್ಯಾ?’ ‘ಹೆಸರು ಇನ್ನೂ ಉದ್ದ ಇದ್ರೆ?’ ‘ಕತ್ತರಿಸಲೇಬೇಕಾದ್ರೆ ಅಕ್ಷರದ ಮಧ್ಯೆ ಕತ್ತರಿಸಬಾರದು, ಪೂರ್ತಿ ಅಕ್ಷರ ನೋಡಿ ಕತ್ತರಿಸು.’ ‘ಟೆಸ್ಟ್ ಎಲ್ಲಿ?’ ಎರಡು ವಾರ ಹಿಡಿಯಿತು. ನಾಲ್ಕು ವರ್ಷದ ಬಿಇಯಲ್ಲಿ ನಾನು ಬರೆದ ಕೋಡನ್ನು ಇನ್ನೊಬ್ಬರು ಸಾಲು ಸಾಲಾಗಿ ಓದಿದ್ದು ಅದೇ ಮೊದಲು.

ಅಷ್ಟರಲ್ಲಿ ದೊಡ್ಡ ವಿಷಯವೊಂದು ಎದುರಿಗೆ ಬಂತು. ಒಂದು ಮೀಟಿಂಗಲ್ಲಿ, ಕನ್ನಡದ ಎಸ್ಸೆಮ್ಮೆಸ್ಸೇ ನಿಲ್ಲಿಸಿ ಎಲ್ಲರಿಗೂ ಇಂಗ್ಲಿಷ್‌ನಲ್ಲೇ ಕಳಿಸೋಣ ಅನ್ನೋ ಮಾತಾಯ್ತು. ಯಾರಿಗೂ ಕನ್ನಡದ ಮೇಲೆ ಸಿಟ್ಟಿರಲಿಲ್ಲ. ಬಿಲ್ಲು ಜಾಸ್ತಿ ಬರುತ್ತಿತ್ತು, ಅಷ್ಟೇ. ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಯೋದು 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಅಲ್ಲಿ ಏಳು ಬಿಟ್ ಸಾಕು, ಹಾಗಾಗಿ 160 ಅಕ್ಷರ ಹೋಗುತ್ತೆ. ಕನ್ನಡದ ಒಂದೊಂದು ತುಂಡಿಗೆ ಎರಡು ಬೈಟ್ ಬೇಕು, ಹಾಗಾಗಿ 70 ಮಾತ್ರ. ದಾಟಿದರೆ ಎರಡು ಎಸ್ಸೆಮ್ಮೆಸ್ ಲೆಕ್ಕ, ಎರಡರ ದುಡ್ಡು.

ನನಗೆ ಕಣ್ಣ ಮುಂದೆ ಬಂದಿದ್ದು ನಮ್ಮಮ್ಮ. ಸಂಘದಲ್ಲಿ ಸಾಲ ಇತ್ತು. ಕನ್ನಡ ಓದುತ್ತಾಳೆ, ಇಂಗ್ಲಿಷ್ ಬಾರದು. ಬ್ಯಾಂಕಿನಿಂದ ಇಂಗ್ಲಿಷ್ ಮೆಸೇಜ್ ಬಂದರೆ ಪಕ್ಕದ ಮನೆ ಹುಡುಗ ಸ್ಕೂಲಿಂದ ಬರೋತನಕ ಕಾಯಬೇಕು. ಆ ಹುಡುಗನಿಗೆ ಸಾಲದ ವಿಷಯ ಗೊತ್ತಾದರೆ ಬೀದಿಗೆಲ್ಲ ಗೊತ್ತಾಗುತ್ತೆ ಅಂತ ಅವಳಿಗೆ ಅಳುಕು. ಕಂತಿನ ತಾರೀಕು ತಪ್ಪಿದರೆ ಬಡ್ಡಿ ಮೇಲೆ ಬಡ್ಡಿ.

ಮೀಟಿಂಗ್ ಮುಗಿದ ಮೇಲೆ ಮೇಡಂಗೆ ಹೇಳಿದೆ: ‘ಕನ್ನಡ ಉದ್ದ ಅಲ್ಲ ಮೇಡಂ, ನಾವು ಬರೆದಿರೋದು ಉದ್ದ.’ ಹಳೆಯ ಟೆಂಪ್ಲೇಟ್ ಹೀಗಿತ್ತು: ‘ಪ್ರಿಯ ಗ್ರಾಹಕರೇ, ನಿಮ್ಮ ಸಾಲದ ಮಾಸಿಕ ಕಂತಿನ ಮೊತ್ತವನ್ನು ನಿಗದಿತ ದಿನಾಂಕದೊಳಗೆ ಪಾವತಿಸಬೇಕಾಗಿ ಈ ಮೂಲಕ ವಿನಂತಿಸಲಾಗಿದೆ.’ ಇಷ್ಟಕ್ಕೇ 103. ಹೆಸರು, ಮೊತ್ತ, ತಾರೀಕು ಇನ್ನೂ ಸೇರಿಲ್ಲ. ಇಂಗ್ಲಿಷ್ ವಾಕ್ಯವನ್ನು ಯಾರೋ ಪದಕ್ಕೆ ಪದ ಇಟ್ಟು ಅನುವಾದಿಸಿದ್ದರು. ನಮ್ಮೂರಲ್ಲಿ ಯಾರೂ ಕಂತು ‘ಪಾವತಿಸೋದಿಲ್ಲ’. ಕಟ್ತಾರೆ.

‘ಹಾಗಾದ್ರೆ ಬರೆದು ತೋರ್ಸು’ ಅಂದರು. ಬರೆದೆ: ‘ಕೃಷ್ಣಮೂರ್ತಿಯವರೇ, ಸಾಲದ ಕಂತು ರೂ.2450, ಮೇ 5ರೊಳಗೆ ದಯವಿಟ್ಟು ಕಟ್ಟಿ.’ ಎಲ್ಲ ಸೇರಿ 61. ‘ದಯವಿಟ್ಟು’ಗೂ ಜಾಗ ಸಿಕ್ಕಿತು!

ಒಟ್ಟು ಹದಿನಾಲ್ಕು ಟೆಂಪ್ಲೇಟ್ ಇದ್ದವು. ಹನ್ನೊಂದು ಒಂದೇ ಎಸ್ಸೆಮ್ಮೆಸ್‌ಗೆ ಇಳಿದವು, ಮೂರು ಏನು ಮಾಡಿದರೂ ಇಳಿಯಲಿಲ್ಲ. ಮುಂದಿನ ಮೀಟಿಂಗಿಗೆ ಮೇಡಂ ತಾವು ಹೇಳಬಹುದಿತ್ತು. ಹೇಳಲಿಲ್ಲ, ನನ್ನನ್ನೇ ನಿಲ್ಲಿಸಿದರು. ನನ್ನ ಇಂಗ್ಲಿಷ್ ಎರಡನೇ ವಾಕ್ಯಕ್ಕೆ ನಿಂತುಹೋಯ್ತು. ‘ಕನ್ನಡದಲ್ಲೇ ಹೇಳು, ಬೇಕಾದವರಿಗೆ ನಾನು ಹೇಳ್ತೀನಿ’ ಅಂದರು. ಹತ್ತು ನಿಮಿಷದಲ್ಲಿ ಮುಗೀತು. ಕನ್ನಡದ ಎಸ್ಸೆಮ್ಮೆಸ್ ಉಳಿಯಿತು.

ಇದನ್ನು ಸಾಹಸಗಾಥೆ ಮಾಡೋದು ಬೇಡ. ಆ ಕಂಪನಿ ಆ ವರ್ಷ ಯಾವ ಇಂಟರ್ನ್‌ಗೂ ಕೆಲಸ ಕೊಡಲಿಲ್ಲ, ನನಗೂ ಇಲ್ಲ. ಕಾಲೇಜಿನ ವೈವಾದಲ್ಲಿ ಎಪ್ಪತ್ತು ಅಕ್ಷರದ ಬಗ್ಗೆ ಯಾರೂ ಕೇಳಲಿಲ್ಲ. ರಿಪೋರ್ಟಿನ ಮಾರ್ಜಿನ್ ಸರಿಯಿಲ್ಲ ಅಂದರು. ಆದರೆ ಆಮೇಲಿನ ಇಂಟರ್ವ್ಯೂಗಳಲ್ಲಿ ‘ನೀನು ಏನು ಮಾಡಿದೆ’ ಅಂತ ಕೇಳಿದಾಗ ನನ್ನ ಹತ್ತಿರ ಹೇಳೋಕೆ ಒಂದು ನಿಜವಾದ ವಿಷಯ ಇತ್ತು.

ನನ್ನ ಪಿಜಿ ರೂಮ್‌ಮೇಟ್‌ಗೆ ಅದು ಇರಲಿಲ್ಲ. ನನಗಿಂತ ಬುದ್ಧಿವಂತ ಅವನು. ಅವನು ಎಂಟು ಸಾವಿರ ಕಟ್ಟಿ ಇಂಟರ್ನ್‌ಶಿಪ್ ‘ತಗೊಂಡಿದ್ದ’. ಅವರು ಕೊಟ್ಟಿದ್ದು ಒಂದಷ್ಟು ವಿಡಿಯೋ, ವಾರಕ್ಕೊಂದು ಆನ್‌ಲೈನ್ ಕ್ಲಾಸು, ಎಲ್ಲರಿಗೂ ಒಂದೇ ರೆಡಿಮೇಡ್ ಪ್ರಾಜೆಕ್ಟು, ಕೊನೆಗೆ ಹೊಲೋಗ್ರಾಂ ಅಂಟಿಸಿದ ಸರ್ಟಿಫಿಕೇಟು. ಕಾಲೇಜು ಒಪ್ಪಿಕೊಂಡಿತು, ಕ್ರೆಡಿಟ್ ಬಂತು. ಇಂಟರ್ವ್ಯೂನಲ್ಲಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಈ ಪ್ರಾಜೆಕ್ಟಲ್ಲಿ ಯಾವುದು ಕೆಲಸ ಮಾಡಲಿಲ್ಲ? ಅದಕ್ಕೆ ಏನು ಮಾಡಿದ್ರಿ?’ ಅವನಿಗೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ರೆಡಿಮೇಡ್ ಪ್ರಾಜೆಕ್ಟಲ್ಲಿ ಎಲ್ಲವೂ ಕೆಲಸ ಮಾಡುತ್ತೆ. ಆ ಎಂಟು ಸಾವಿರ ಅವರಪ್ಪ ಈರುಳ್ಳಿ ಮಾರಿ ಕಳಿಸಿದ್ದು.

ಹಾಗಾಗಿ ಈಗ ಮೆಸೇಜ್ ಮಾಡುವ ತಮ್ಮ ತಂಗಿಯರಿಗೆ ನಾನು ಹೇಳೋದು ಇಷ್ಟು. ಎಲ್ಲಿಗಾದರೂ ಸೇರುವ ಮೊದಲು ಮೂರು ಪ್ರಶ್ನೆ ಕೇಳಿ. ಒಂದು, ನಾನು ಮಾಡಿದ ಕೆಲಸವನ್ನು ಯಾರು ನೋಡ್ತಾರೆ? ಹೆಸರು ಹೇಳಲಿ. ‘ನಮ್ಮ ಎಕ್ಸ್‌ಪರ್ಟ್ ಟೀಮ್’ ಅಂದರೆ ಅಲ್ಲಿ ಯಾರೂ ಇಲ್ಲ ಅಂತರ್ಥ. ಎರಡು, ಈ ಕೆಲಸ ಯಾರಿಗಾದರೂ ಬೇಕಾಗಿದೆಯಾ, ಅಥವಾ ನನಗೋಸ್ಕರ ಹುಟ್ಟಿಸಿದ್ದಾ? ಮೂರು, ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ? ಕೆಲಸ ಮಾಡೋರಿಂದಲೇ ದುಡ್ಡು ಕೇಳಿದರೆ ಅದು ಇಂಟರ್ನ್‌ಶಿಪ್ ಅಲ್ಲ, ಟ್ಯೂಷನ್. ಟ್ಯೂಷನ್ ಬೇಕಿದ್ದರೆ ಟ್ಯೂಷನ್ ಅಂತಲೇ ತಿಳಿದು ಸೇರಿ.

ದೊಡ್ಡ ಕಂಪನಿ ಸಿಗಲಿಲ್ಲ ಅಂತ ಕೂರಬೇಕಿಲ್ಲ. ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್ ಇದೆ, ಅಲ್ಲೂ ಇದೇ ಮೂರು ಪ್ರಶ್ನೆ ಹಿಡಿದುಕೊಂಡು ಹುಡುಕಿ. 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್ ಇದೆ. ಆಯ್ಕೆಯಾದರೆ ಮನೆಯಿಂದಲೇ ಓಪನ್ ಸೋರ್ಸ್ ಕೆಲಸ, ಜತೆಗೊಬ್ಬ ಮೆಂಟರ್, ಮೇಲೆ ಸ್ಟೈಪೆಂಡ್. ಆಯ್ಕೆ ಆಗದಿದ್ದರೂ ಓಪನ್ ಸೋರ್ಸ್‌ಗೆ ಒಂದು ಸಣ್ಣ ತಿದ್ದುಪಡಿ ಕಳಿಸಲು ಯಾರ ಅಪ್ಪಣೆಯೂ ಬೇಡ. ನಿಮ್ಮ ಕೋಡನ್ನು ಓದುವವರು ಅಲ್ಲಿ ಸಿಗ್ತಾರೆ. ಊರಿನ ಹಾಲಿನ ಡೇರಿ, ಸಹಕಾರ ಸಂಘದ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ಸಣ್ಣ ಆಫೀಸುಗಳನ್ನೂ ಕೀಳಾಗಿ ನೋಡಬೇಡಿ. ಅಲ್ಲಿ ಕೆಟ್ಟುನಿಂತ ವಿಷಯಗಳು ಬೇಕಾದಷ್ಟಿರುತ್ತವೆ.

ಇನ್ನು ಈಗಾಗಲೇ ಕೆಲಸದಲ್ಲಿರುವ ನಮಗೆ ಒಂದು ಮಾತು. ಈ ತಿಂಗಳು ನಿಮ್ಮ ಟೀಮಿಗೂ ಒಬ್ಬ ಹುಡುಗನೋ ಹುಡುಗಿಯೋ ಬರಬಹುದು. ಡಾಕ್ಯುಮೆಂಟ್ ಕೊಟ್ಟು ಮೂಲೆಗೆ ಕೂರಿಸಬೇಡಿ. ಡೆಡ್‌ಲೈನ್ ಇಲ್ಲದ, ಆದರೆ ಯಾರಿಗೋ ನಿಜವಾಗಿ ತೊಂದರೆ ಕೊಡುತ್ತಿರುವ ಒಂದು ಸಣ್ಣ ಬಗ್ ಹುಡುಕಿ ಕೊಡಿ. ಮಾಡಿದ್ದನ್ನು ಸಾಲು ಸಾಲಾಗಿ ಓದಿ. ದಿನಕ್ಕೆ ಅರ್ಧ ಗಂಟೆ ಸಾಕು, ಕ್ಯಾಲೆಂಡರ್‌ನಲ್ಲಿ ಇವತ್ತೇ ಬ್ಲಾಕ್ ಮಾಡಿಬಿಡಿ.