ಅಭ್ಯಾಸಪಂದ್ಯದ ಗೆಲುವು ಏನನ್ನು ಹೇಳುತ್ತದೆ?

ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಗಳು ಸಮೀಪಿಸಿದಂತೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಕಾಲೇಜು ಮೈದಾನಗಳಿಗೆ ಹೊಸ ಕಳೆ ಬರುತ್ತದೆ. ಮೂರು ಊರುಗಳೂ ಒಂದೇ ರೈಲುಮಾರ್ಗದ ಮೇಲಿರುವುದರಿಂದ ಒಂದು ಊರಿನ ತಂಡವು ಇನ್ನೊಂದೂರಿಗೆ ಹೋಗಿ, ಅಭ್ಯಾಸಪಂದ್ಯವನ್ನಾಡಿ, ಸಂಜೆಗೆ ಮರಳುವುದು ಕಷ್ಟವಲ್ಲ. ಕಬಡ್ಡಿಯಾಗಲಿ, ವಾಲಿಬಾಲಾಗಲಿ, ಬಾಸ್ಕೆಟ್‌ಬಾಲಾಗಲಿ, ಇಂತಹ ಎರಡು ಮೂರು ಪಂದ್ಯಗಳಲ್ಲಿ ತಮ್ಮ ಹುಡುಗರು ಗೆದ್ದರೆ ಸಾಕು. ಚಹದಂಗಡಿಯ ಮಾತಿನಲ್ಲಿ ಆ ವರ್ಷದ ಪಾರಿತೋಷಕವು ಆಗಲೇ ಊರಿಗೆ ಬಂದುಬಿಟ್ಟಿರುತ್ತದೆ. ಈ ಉತ್ಸಾಹವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅದರ ಬೆಲೆಯನ್ನು ತೆರಬೇಕಾದವರು ಹದಿನೆಂಟು ಇಪ್ಪತ್ತು ವಯಸ್ಸಿನ ವಿದ್ಯಾರ್ಥಿಗಳಾದುದರಿಂದ, ಅಭ್ಯಾಸಪಂದ್ಯದ ಗೆಲುವು ನಿಜವಾಗಿ ಎಷ್ಟನ್ನು ಹೇಳಬಲ್ಲುದು ಎಂಬುದನ್ನು ವಿಚಾರಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಮೊದಲು ಸ್ವಲ್ಪ ಗಣಿತ. ಎಲ್ಲ ರೀತಿಯಲ್ಲಿಯೂ ಸಮಬಲವುಳ್ಳ ೮ ತಂಡಗಳಿವೆಯೆಂದೂ, ಪ್ರತಿಯೊಂದು ತಂಡವೂ ೩ ಅಭ್ಯಾಸಪಂದ್ಯಗಳನ್ನಾಡುವುದೆಂದೂ ಭಾವಿಸೋಣ. ಸಮಬಲರ ನಡುವಿನ ಪಂದ್ಯವು ನಾಣ್ಯವನ್ನು ಚಿಮ್ಮಿದಂತೆಯೇ ಸರಿ. ಒಂದು ತಂಡವು ಮೂರನ್ನೂ ಗೆಲ್ಲುವ ಸಂಭವವು ೮ರಲ್ಲಿ ೧. ಎಂದರೆ ಈ ಎಂಟರಲ್ಲಿ ಸರಾಸರಿ ಒಂದು ತಂಡವು, ಇತರರಿಗಿಂತ ಕೂದಲೆಳೆಯಷ್ಟೂ ಮೇಲಲ್ಲದಿದ್ದರೂ, ಸೋಲನ್ನೇ ಕಾಣದೆ ಪಂದ್ಯಾವಳಿಗೆ ಕಾಲಿಡುತ್ತದೆ. ಆ ಊರಿನ ಅಭಿಮಾನಿಗಳಿಗೆ ಈ ಲೆಕ್ಕ ಕಾಣುವುದಿಲ್ಲ. ಕಾಣುವುದು ಗೆದ್ದ ತಮ್ಮ ತಂಡ ಮಾತ್ರ.

ಇದು ಬರಿಯ ಕಾಗದದ ಲೆಕ್ಕವೆಂದು ವಾಚಕರು ತಿಳಿಯಬಾರದು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಸಂಘದಲ್ಲಿ ಡೆಟ್ರಾಯ್ಟ್ ನಗರದ ಲಯನ್ಸ್ ತಂಡವು ೨೦೦೮ರಲ್ಲಿ ಋತುವಿನ ಪೂರ್ವದ ೪ ಪಂದ್ಯಗಳನ್ನೂ ಗೆದ್ದಿತು. ಅನಂತರದ ನೈಜ ಋತುವಿನಲ್ಲಿ ಆಡಿದ ೧೬ ಪಂದ್ಯಗಳಲ್ಲಿ ೧೬ನ್ನೂ ಸೋತಿತು. ೨೦೧೭ರಲ್ಲಿ ಕ್ಲೀವ್‌ಲೆಂಡ್ ನಗರದ ಬ್ರೌನ್ಸ್ ತಂಡಕ್ಕೂ ಅಕ್ಷರಶಃ ಇದೇ ಗತಿಯಾಯಿತು: ಮೊದಲು ನಾಲ್ಕಕ್ಕೆ ನಾಲ್ಕು ಗೆಲುವು, ಅನಂತರ ಹದಿನಾರಕ್ಕೆ ಹದಿನಾರು ಸೋಲು. ಇಲ್ಲಿ ಆಕಸ್ಮಿಕದ ಜೊತೆಗೆ ಬೇರೆ ಕಾರಣಗಳೂ ಇವೆ. ಅಭ್ಯಾಸಪಂದ್ಯದಲ್ಲಿ ಎದುರಾಳಿಯು ತನ್ನ ಪ್ರಮುಖ ಆಟಗಾರರನ್ನು ಹೊರಗೆ ಕೂರಿಸಿ ಹೊಸಬರನ್ನು ಪರೀಕ್ಷಿಸುತ್ತಿರಬಹುದು; ತನ್ನ ತಂತ್ರಗಳನ್ನು ಬೇಕೆಂದೇ ಬಚ್ಚಿಟ್ಟುಕೊಂಡಿರಬಹುದು. ಸೋತರೆ ನಷ್ಟವಿಲ್ಲದ ಕಡೆ ಯಾರೂ ಮೊಣಕಾಲು ಒಡೆದುಕೊಳ್ಳುವಷ್ಟು ಹೋರಾಡುವುದಿಲ್ಲ.

ತಂಡವನ್ನು ಬಿಟ್ಟು ಒಬ್ಬೊಬ್ಬ ಆಟಗಾರನನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಬಾಸ್ಕೆಟ್‌ಬಾಲಿನಲ್ಲಿ ‘ಫ್ರೀ ಥ್ರೋ’ ಎಂಬ ಎಸೆತವಿದೆ. ಸುಮಾರು ೪.೬ ಮೀಟರು ದೂರದ ಗೆರೆಯ ಬಳಿ ನಿಂತು, ಯಾರ ಅಡ್ಡಿಯೂ ಇಲ್ಲದೆ, ಚೆಂಡನ್ನು ಬುಟ್ಟಿಗೆ ಎಸೆಯುವುದು. ಒಬ್ಬ ವಿದ್ಯಾರ್ಥಿಯ ನಿಜವಾದ ಸಾಮರ್ಥ್ಯವು ನೂರಕ್ಕೆ ೬೦ ಎಂದಿಟ್ಟುಕೊಳ್ಳೋಣ. ಅವನು ೧೦ ಎಸೆತಗಳಲ್ಲಿ ೮ ಅಥವಾ ಅದಕ್ಕೂ ಹೆಚ್ಚನ್ನು ಗುರಿ ಮುಟ್ಟಿಸುವ ಸಂಭವವು ಸುಮಾರು ೬ರಲ್ಲಿ ೧. ತಂಡದ ೧೨ ಮಂದಿಯೂ ಇದೇ ಸಾಮರ್ಥ್ಯದವರಾಗಿದ್ದರೂ ಒಂದು ಸಂಜೆಯ ಅಭ್ಯಾಸದಲ್ಲಿ ಸರಾಸರಿ ಇಬ್ಬರು ‘ಅದ್ಭುತ ಪ್ರತಿಭೆ’ಗಳಾಗಿ ಮೆರೆಯುತ್ತಾರೆ. ಮರುದಿನ ಆ ಇಬ್ಬರು ಬೇರೆಯವರಾಗಿರುತ್ತಾರೆ. ಕಬಡ್ಡಿಯಲ್ಲಿಯೂ ಹೀಗೆಯೇ, ಆಟದ ಕಾಲವೇ ೪೦ ನಿಮಿಷ, ಎದುರಾಳಿಯ ತಂಡವನ್ನೆಲ್ಲ ಹೊರಗಟ್ಟಿದರೆ ೨ ಹೆಚ್ಚುವರಿ ಅಂಕ. ಅದೃಷ್ಟದ ಒಂದೇ ದಾಳಿಯು ಅಂತಿಮ ಅಂಕಗಳನ್ನು ತಲೆಕೆಳಗು ಮಾಡಬಲ್ಲುದು.

ಈಗ ನಮ್ಮನ್ನು ನಿಜವಾಗಿ ಕಾಡುವ ಮಾತಿಗೆ ಬರೋಣ. ಒಂದು ದಿನ ತನ್ನ ಸಾಮರ್ಥ್ಯವನ್ನು ಮೀರಿ ಆಡಿದ ಹುಡುಗನು ಮರುವಾರ ಬಹುಮಟ್ಟಿಗೆ ತನ್ನ ಸರಾಸರಿಗೆ ಇಳಿಯುತ್ತಾನೆ. ಇದರಲ್ಲಿ ಅವನ ಅಪರಾಧವಿಲ್ಲ. ಫ್ರಾನ್ಸಿಸ್ ಗಾಲ್ಟನ್ನನು ೧೮೮೬ರಲ್ಲಿ ೨೦೫ ದಂಪತಿಗಳ ಮತ್ತು ಅವರ ೯೨೮ ಪ್ರಾಪ್ತವಯಸ್ಕ ಮಕ್ಕಳ ಎತ್ತರಗಳನ್ನು ಹೋಲಿಸಿ, ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರದವರೇ ಆದರೂ ಅಷ್ಟು ಎತ್ತರದವರಲ್ಲವೆಂದು ತೋರಿಸಿದನು. ಸರಾಸರಿಯತ್ತ ಮರಳುವ ಈ ಪ್ರವೃತ್ತಿಯು ಆಕಸ್ಮಿಕವು ಬೆರೆತಿರುವ ಎಲ್ಲ ಅಳತೆಗಳಲ್ಲಿಯೂ ಕಂಡುಬರುತ್ತದೆ. ಆದರೆ ಮೈದಾನದ ಅಂಚಿನಲ್ಲಿ ನಿಂತವರು ಇದಕ್ಕೆ ಬೇರೆಯೇ ಕಾರಣವನ್ನು ಹುಡುಕುತ್ತಾರೆ. “ಹೊಗಳಿದ್ದೇ ತಡ, ತಲೆ ತಿರುಗಿತು” ಎನ್ನುತ್ತಾರೆ. ಕೆಟ್ಟದಾಗಿ ಆಡಿದವನನ್ನು ನಾಲ್ಕು ಜನರೆದುರು ಬಯ್ದ ಮೇಲೆ ಅವನ ಆಟ ಸುಧಾರಿಸಿದರೆ, ಬೈಗುಳವೇ ಮದ್ದೆಂದು ನಂಬುತ್ತಾರೆ. ಬಯ್ಯದಿದ್ದರೂ ಅವನು ತನ್ನ ಸರಾಸರಿಗೆ ಏರುತ್ತಿದ್ದನೆಂಬುದು ಯಾರಿಗೂ ಹೊಳೆಯುವುದಿಲ್ಲ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ನರು ಇಸ್ರೇಲಿನ ವಾಯುದಳದ ತರಬೇತಿದಾರರಿಗೆ ಉಪನ್ಯಾಸ ಮಾಡುತ್ತಿದ್ದಾಗ, ಪ್ರಶಂಸೆಯು ಶಿಕ್ಷೆಗಿಂತ ಫಲಕಾರಿಯೆಂದು ಹೇಳಿದರು. ಅನುಭವಿ ತರಬೇತಿದಾರರೊಬ್ಬರು ಇದನ್ನು ಒಪ್ಪಲಿಲ್ಲ. ಹೊಗಳಿದವರು ಮುಂದಿನ ಸಲ ಕೆಡುತ್ತಾರೆ, ಗದರಿಸಿದವರು ಸುಧಾರಿಸುತ್ತಾರೆ ಎಂದು ವಾದಿಸಿದರು. ಕಾನೆಮನ್ನರು ನೆಲದ ಮೇಲೆ ಒಂದು ಗುರುತು ಮಾಡಿ, ಪ್ರತಿಯೊಬ್ಬ ತರಬೇತಿದಾರನಿಂದಲೂ ಅದಕ್ಕೆ ಬೆನ್ನು ತಿರುಗಿಸಿ ಎರಡೆರಡು ನಾಣ್ಯಗಳನ್ನು ಎಸೆಯಿಸಿದರು. ಮೊದಲನೆಯ ಸಲ ಗುರಿಗೆ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೆಯ ಸಲ ದೂರ ಎಸೆದರು. ದೂರ ಎಸೆದವರಲ್ಲಿ ಹೆಚ್ಚಿನವರು ಸುಧಾರಿಸಿದರು. ಅಲ್ಲಿ ಹೊಗಳಿಕೆಯೂ ಇರಲಿಲ್ಲ, ಗದರಿಕೆಯೂ ಇರಲಿಲ್ಲ. ನಮ್ಮ ಮೈದಾನಗಳಲ್ಲಿಯೂ ತರಗತಿಗಳಲ್ಲಿಯೂ ಎಷ್ಟು ಮಕ್ಕಳು ಈ ಭ್ರಮೆಯ ಕಾರಣದಿಂದ ಬೈಗುಳವನ್ನು ತಿಂದಿರಬಹುದು!

ವಿಚಿತ್ರವೆಂದರೆ, ಇದೇ ಸೀಮೆಯ ಜನರು ತಮ್ಮ ಕಸುಬಿನಲ್ಲಿ ಇಂತಹ ತಪ್ಪನ್ನು ಮಾಡುವವರಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ನುರಿತ ವರ್ತಕನು ಚೀಲದ ಬಾಯಲ್ಲಿರುವ ಒಂದು ಹಿಡಿ ಮೆಣಸಿನಕಾಯಿಯ ಕೆಂಪನ್ನು ನೋಡಿಯೇ ದರವನ್ನು ಬರೆಯುವುದಿಲ್ಲ; ಒಳಗೆ ಕೈ ಹಾಕುತ್ತಾನೆ, ತೇವವನ್ನು ನೋಡುತ್ತಾನೆ, ಮುರಿದು ಮೂಸುತ್ತಾನೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವಿದೆ. ಒಂದು ತಾಕಿನಲ್ಲಿ ಒಂದು ವರ್ಷ ಚೆನ್ನಾಗಿ ಬೆಳೆದ ಮಾತ್ರಕ್ಕೆ ಯಾವ ಕೃಷಿವಿಜ್ಞಾನಿಯೂ ಹೊಸ ತಳಿಯನ್ನು ರೈತರಿಗೆ ಶಿಫಾರಸು ಮಾಡಲಾರನು. ಹಲವು ತಾಕುಗಳಲ್ಲಿ, ಹಲವು ಊರುಗಳಲ್ಲಿ, ಹಲವು ಹಂಗಾಮುಗಳಲ್ಲಿ ಅದು ಪರೀಕ್ಷೆಗೊಳಗಾಗಬೇಕು. ಬೀಜಕ್ಕೆ ತೋರುವ ಈ ತಾಳ್ಮೆಯನ್ನು ವಿದ್ಯಾರ್ಥಿಗೆ ತೋರಬಾರದೆ?

ಅಭಿಮಾನಿಯ ಕಣ್ಣಿಗೆ ಕಾಣುವುದೆಲ್ಲ ಭ್ರಮೆಯೆಂದೂ ನಾವು ಹೇಳುವುದಿಲ್ಲ. ಆಟಗಾರನಿಗೆ ‘ಕೈ ಕುದುರಿದಾಗ’ ಎಸೆದದ್ದೆಲ್ಲ ಬುಟ್ಟಿಗೆ ಬೀಳುತ್ತದೆಂಬ ನಂಬಿಕೆಯನ್ನು ೧೯೮೫ರಲ್ಲಿ ಗಿಲೊವಿಚ್, ವಲ್ಲೋನ್, ಟ್ವರ್ಸ್ಕಿ ಎಂಬ ಮೂವರು ವಿದ್ವಾಂಸರು ಪರೀಕ್ಷಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದ ತಂಡಗಳ ೨೬ ಆಟಗಾರರಿಂದ ಎಸೆಯಿಸಿ ನೋಡಿ, ಆ ನಂಬಿಕೆಗೆ ಆಧಾರವಿಲ್ಲವೆಂದು ಸಾರಿದರು. ಮೂರು ದಶಕಗಳ ಕಾಲ ಇದೇ ಸಿದ್ಧಾಂತವೆನಿಸಿತ್ತು. ಆದರೆ ೨೦೧೮ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಆ ಲೆಕ್ಕದಲ್ಲಿಯೇ ಸೂಕ್ಷ್ಮವಾದ ಒಂದು ದೋಷವನ್ನು ಎತ್ತಿ ತೋರಿಸಿ, ಕೈ ಕುದುರುವುದೆಂಬುದು ಸ್ವಲ್ಪಮಟ್ಟಿಗೆ ನಿಜವಿರಬಹುದೆಂದರು. ಅಭಿಮಾನಿಗಳಿಗೆ ಇದೊಂದು ಸಮಾಧಾನ. ಇನ್ನು ‘ಈ ಸಲ ಕಪ್ ನಮ್ದೇ’ ಎಂಬ ಬೆಂಗಳೂರು ತಂಡದ ಅಭಿಮಾನಿಗಳ ಘೋಷಣೆಗಂತೂ ಯಾವ ಸಂಖ್ಯಾಶಾಸ್ತ್ರವೂ ಬೇಕಿರಲಿಲ್ಲ. ೨೦೦೮ರಿಂದ ೧೭ ಋತುಗಳು ಬರಿಗೈಯಲ್ಲಿ ಕಳೆದು, ೧೮ನೆಯದಾದ ೨೦೨೫ರಲ್ಲಿ ಅದು ನಿಜವಾಯಿತು. ಅಂತಹ ಘೋಷಣೆಯು ಪ್ರೀತಿಯ ಮಾತೇ ಹೊರತು ಭವಿಷ್ಯದ ಮಾತಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ಯಾರೂ ಒಬ್ಬ ವಿದ್ಯಾರ್ಥಿಯನ್ನು ತಂಡದಿಂದ ಕೈಬಿಡುವುದಿಲ್ಲ.

ಹಾಗಾದರೆ ಅಭ್ಯಾಸಪಂದ್ಯದಿಂದ ತಿಳಿಯತಕ್ಕದ್ದು ಏನೂ ಇಲ್ಲವೆ? ಬೇಕಾದಷ್ಟಿದೆ; ಆದರೆ ಅದು ಅಂಕಗಳ ಹಲಗೆಯ ಮೇಲಿಲ್ಲ. ದ್ವಿತೀಯಾರ್ಧದಲ್ಲಿ ಯಾರ ಉಸಿರು ಸೋಲುತ್ತದೆ, ಎಡಮೂಲೆಯ ರಕ್ಷಣೆಯು ಎಷ್ಟು ಸಲ ಸಡಿಲವಾಗುತ್ತದೆ, ಯಾರು ಚೆಂಡನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ: ಇವು ಒಂದೇ ಪಂದ್ಯದಲ್ಲಿ ಹತ್ತಾರು ಸಲ ಕಾಣಿಸಿಕೊಳ್ಳುವ ಸಂಗತಿಗಳಾದುದರಿಂದ ಗೆಲುವು ಸೋಲುಗಳಿಗಿಂತ ಹೆಚ್ಚು ನಂಬಲರ್ಹ. ಎಸೆತಗಳನ್ನು ಎಣಿಸುವುದಾದರೆ ತಿಂಗಳುಗಟ್ಟಲೆ ಎಣಿಸಬೇಕು. ನೂರಕ್ಕೆ ೬೦ರ ಆಟಗಾರನ ಫಲಿತಾಂಶವು ೧೦ ಎಸೆತಗಳಲ್ಲಿ ಸುಮಾರು ೧೫ ಅಂಶಗಳಷ್ಟು ಅತ್ತಿತ್ತ ಹೊಯ್ದಾಡಿದರೆ, ೨೫೦ ಎಸೆತಗಳಲ್ಲಿ ಆ ಹೊಯ್ದಾಟವು ಸುಮಾರು ೩ಕ್ಕೆ ಇಳಿಯುತ್ತದೆ. ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಪ್ರತಿಯೊಬ್ಬ ಆಟಗಾರನ ಹೆಸರಿಗೆ ಒಂದೊಂದು ಪುಟವನ್ನು ತೆರೆದು, ಪ್ರತಿ ಸಂಜೆಯ ಎಣಿಕೆಯನ್ನು ಬರೆದಿಡುವ ಪದ್ಧತಿಯನ್ನು ಇದೇ ವರ್ಷ ಆರಂಭಿಸಬಹುದು. ಆಯ್ಕೆಯ ದಿನ ಆ ಪುಸ್ತಕವು ಮೇಜಿನ ಮೇಲಿರಲಿ. ಸೋತ ಅಭ್ಯಾಸಪಂದ್ಯಗಳ ಸಂಜೆಗಳೂ ಅದರಲ್ಲಿ ದಾಖಲಾಗಿರಲಿ.