ಕಾಡುಮರಕ್ಕೆ ಅರ್ಜಿ, ಸಿಲ್ವರ್‌ಗೆ ವಿನಾಯಿತಿ

ಚಿಕ್ಕಮಗಳೂರು: ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳ ಕರಡು ಅಧಿಸೂಚನೆ ಹೊರಬಿದ್ದಾಗಲೆಲ್ಲ ಮಲೆನಾಡಿನಲ್ಲಿ ಪ್ರತಿಭಟನೆ ನಡೆಯುವುದು, ರಾಜ್ಯ ಸರ್ಕಾರ ವಿರೋಧ ದಾಖಲಿಸುವುದು ಈಗ ವಾಡಿಕೆಯೇ ಆಗಿಬಿಟ್ಟಿದೆ. 2014ರ ಮಾರ್ಚ್‌ನಿಂದ 2024ರವರೆಗೆ ಕೇಂದ್ರ ಸರ್ಕಾರ ಆರು ಬಾರಿ ಕರಡು ಹೊರಡಿಸಿತು. ವಯನಾಡ್ ಭೂಕುಸಿತದ ಮರುದಿನ, ಅಂದರೆ 2024ರ ಜುಲೈ 31ರಂದು ಬಂದ ಆರನೆಯ ಕರಡು ಆರು ರಾಜ್ಯಗಳ 56,825 ಚದರ ಕಿ.ಮೀ. ಪ್ರದೇಶವನ್ನು ಗುರುತಿಸಿತ್ತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 26ರಂದು, ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಈ ಹಗ್ಗಜಗ್ಗಾಟದ ಗದ್ದಲದಲ್ಲಿ ಕಾಫಿನಾಡಿನ ಮಟ್ಟಿಗೆ ಅತಿ ಮುಖ್ಯವಾದ ವಿಷಯವೊಂದು ಚರ್ಚೆಗೇ ಬರುತ್ತಿಲ್ಲ. ಅದು ತೋಟದೊಳಗಿನ ನೆರಳಿನ ಮರಗಳ ವಿಷಯ. ಕರಡು ಅಧಿಸೂಚನೆ ನಿಷೇಧಿಸುವುದು ಗಣಿಗಾರಿಕೆ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಉದ್ಯಮ ಹಾಗೂ ಭಾರಿ ಕಟ್ಟಡಗಳನ್ನು. ಕಾಫಿ ಬೆಳೆಗೆ ಅದರಲ್ಲಿ ನಿಷೇಧವಿಲ್ಲ. ತೋಟದ ಮರಗಳಿಗೆ ರಕ್ಷಣೆಯೂ ಇಲ್ಲ.

ತೋಟವೆಂದರೆ ಕೇವಲ ಬೆಳೆಯಲ್ಲ ಎಂಬುದಕ್ಕೆ ಈಗ ಅಂಕಿಅಂಶಗಳ ಆಧಾರವಿದೆ. ಚಿಕ್ಕಮಗಳೂರು, ಹಾಸನ ಮತ್ತು ಕೊಡಗು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಷಾರ್ಲೆಟ್ ಚಾಂಗ್, ಕೃತಿ ಕಾರಂತ ಮತ್ತು ಪಾಲ್ ರಾಬಿನ್ಸ್ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತೋಟಗಳಲ್ಲಿ 204 ಬಗೆಯ ಹಕ್ಕಿಗಳು ಕಂಡುಬಂದಿದ್ದವು. ಅವುಗಳಲ್ಲಿ 79 ಬಗೆಯವು ಕಾಡನ್ನೇ ನೆಚ್ಚಿ ಬದುಕುವಂಥವು. ಅರಣ್ಯ ಇಲಾಖೆಯ ಗಡಿಕಲ್ಲಿನಿಂದ ಹೊರಗಿರುವ, ಖಾಸಗಿ ಒಡೆತನದ ನೆಲದಲ್ಲಿ ಇಷ್ಟೊಂದು ಜೀವಸಂಕುಲ ಉಳಿದಿರುವುದಕ್ಕೆ ಕಾರಣ ಅತ್ತಿ, ಬಸರಿ, ಹಲಸು, ಹೊನ್ನೆ, ಬೀಟೆ, ಮತ್ತಿಗಳ ನೆರಳು.

ಆ ನೆರಳು ಈಗ ಬದಲಾಗುತ್ತಿದೆ. ಮೂಡಿಗೆರೆಯಿಂದ ಕಳಸದ ಕಡೆಗೆ ಪಯಣಿಸುವ ಯಾರಿಗೂ ರಸ್ತೆಯ ಎರಡೂ ಬದಿ ಸಾಲಾಗಿ, ನೆಟ್ಟಗೆ ನಿಂತ ಸಿಲ್ವರ್ ಓಕ್ ಮರಗಳು ಕಣ್ಣಿಗೆ ಬೀಳದೆ ಇರವು. ಮೆಣಸಿನ ಬಳ್ಳಿಗೆ ಅವು ಒಳ್ಳೆಯ ಆಸರೆ, ಬೇಗ ಬೆಳೆಯುತ್ತವೆ, ಕಡಿದರೆ ಕೈಗೆ ಹಣ ಬರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಕಾನೂನಿನಲ್ಲಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ವಿನಾಯಿತಿ ಪಟ್ಟಿಯಲ್ಲಿ ನೀಲಗಿರಿ, ಗಾಳಿ, ರಬ್ಬರ್ ಮುಂತಾದವುಗಳ ಜತೆ ಸಿಲ್ವರ್ ಓಕ್ ಕೂಡ ಇದೆ. ಹೀಗಾಗಿ ಬೆಳೆಗಾರನ ಲೆಕ್ಕ ಸರಳ. ಹೊನ್ನೆಯ ಸಸಿಯೊಂದನ್ನು ಬೆಳೆಯಲು ಬಿಟ್ಟರೆ ನಾಳೆ ಕಚೇರಿಗೆ ಅಲೆಯಬೇಕು. ಸಿಲ್ವರ್ ನೆಟ್ಟರೆ ಯಾರನ್ನೂ ಕೇಳಬೇಕಾಗಿಲ್ಲ. ಹಳೆಯ ಮರವನ್ನು ಕಾಯಲೆಂದು ಮಾಡಿದ ಕಾಯ್ದೆ ಹೊಸ ಕಾಡುಸಸಿ ಮೇಲೇಳದಂತೆ ತಡೆಯುತ್ತಿದೆ. ಮರಗಸಿಯ ವೇಳೆ ಇಂಥ ಸಸಿಗಳ ಹಣೆಬರಹ ಏನಾಗುತ್ತದೆಂಬುದು ತೋಟದ ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತು.

ಇದಕ್ಕೆ ಬೆಳೆಯ ಅರ್ಥಶಾಸ್ತ್ರವೂ ಸೇರಿಕೊಂಡಿದೆ. ದಟ್ಟ ನೆರಳು ಬಯಸುವ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ. ನೆರಳು ತೆಳುವಾದಷ್ಟೂ ಕೀಟದ ಹಾವಳಿ ಹೆಚ್ಚು. ರೋಬಸ್ಟಾಕ್ಕೆ ಅಷ್ಟು ನೆರಳು ಬೇಡ, ಕಾಂಡಕೊರಕದ ಭಯವೂ ಇಲ್ಲ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ನೆರಳು ತೆಗೆಯುವ ಆಸೆಗೆ ಇನ್ನಷ್ಟು ಬಲ ಬಂದದ್ದು ಸಹಜ.

ಹಾಗಾದರೆ ಕಾಯ್ದೆಯಲ್ಲಿ ಜನರೇ ಮುಂದೆ ನಿಂತು ಸಂರಕ್ಷಿಸುವ ದಾರಿ ಇಲ್ಲವೇ? ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯು ‘ಸಮುದಾಯ ಮೀಸಲು’ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ವ್ಯಕ್ತಿ ಅಥವಾ ಸಮುದಾಯ ತಾನಾಗಿ ಮುಂದೆ ಬಂದರೆ ಖಾಸಗಿ ಭೂಮಿಯನ್ನೂ ಹೀಗೆ ಘೋಷಿಸಬಹುದು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಪ್ರಾತಿನಿಧ್ಯವಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಈ ಮಾನ್ಯತೆ ಪಡೆಯಿತು. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಗ್ರಾಮಸ್ಥರ ಸ್ವಂತ ಹುಣಸೆ ಮರಗಳಲ್ಲಿ. ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ನೀಡುವ ಪದ್ಧತಿಯೂ ಅಲ್ಲಿ ಬೆಳೆದುಬಂತು.

ಕಾಫಿನಾಡಿನ ಬೆಳೆಗಾರರು ಅದೇ ದಾರಿ ಹಿಡಿಯಲು ಹಿಂಜರಿಯುವುದಕ್ಕೆ ಕಾರಣವೂ ಅದೇ ಕಾಯ್ದೆಯಲ್ಲಿದೆ. ಒಮ್ಮೆ ಮೀಸಲೆಂದು ಘೋಷಣೆಯಾದರೆ ಭೂಬಳಕೆ ಬದಲಿಸಲು ಸಮಿತಿಯ ನಿರ್ಣಯ ಸಾಲದು, ಸರ್ಕಾರದ ಒಪ್ಪಿಗೆಯೂ ಬೇಕು. ಸಾಲಕ್ಕೆ ಅಡವಿಟ್ಟ ತೋಟದ ಮಾಲೀಕ ಇದಕ್ಕೆ ಸಹಿ ಹಾಕುವುದು ದೂರದ ಮಾತು. ಅನುಭವವೂ ಈ ಅಂಜಿಕೆಯನ್ನು ಹೆಚ್ಚಿಸಿದೆ. 1987ರಲ್ಲಿ ಘೋಷಿಸಲಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಕುಟುಂಬಗಳ ಒಕ್ಕಲೆಬ್ಬಿಸುವಿಕೆಯ ಭೀತಿ ಮುಂದೆ ಮಲೆನಾಡಿನಲ್ಲಿ ನಕ್ಸಲ್ ಚಳವಳಿಗೂ ನೆಲೆ ಒದಗಿಸಿತು. ಅದೇ ಜಿಲ್ಲೆಯ ಭದ್ರಾ ಅಭಯಾರಣ್ಯದಿಂದ 2001-02ರಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಸ್ಥಳಾಂತರಗೊಂಡದ್ದು ದೇಶದ ಯಶಸ್ವಿ ಪುನರ್ವಸತಿಗಳಲ್ಲೊಂದೆಂದು ಹೆಸರು ಪಡೆಯಿತು ನಿಜ. ಆದರೆ ಜನರ ನೆನಪಿನಲ್ಲಿ ಉಳಿದಿರುವುದು ಕುದುರೆಮುಖವೇ.

ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಸಲ್ಲಿಸಿದ ವರದಿ ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ಅಂತಿಮ ತೀರ್ಮಾನ ಕೈಗೊಳ್ಳಬೇಕೆಂದಿತ್ತು. ಆದರೆ ವರದಿ ಸಾರ್ವಜನಿಕರ ಕೈಸೇರಲು ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟ್ ತೀರ್ಪುಗಳೇ ಬೇಕಾದವು. ಅಷ್ಟರಲ್ಲಿ ವದಂತಿಗಳು ಊರೂರು ತಲುಪಿಯಾಗಿತ್ತು. ಸಭೆಯಲ್ಲಿ ಓದಬೇಕಾಗಿದ್ದ ವರದಿಯನ್ನು ಬೀದಿಯಲ್ಲಿ ಸುಡುವಂತಾದುದರ ಹೊಣೆ ಸುಟ್ಟವರದಷ್ಟೇ ಅಲ್ಲ.

ಇನ್ನೊಂದು ಅಸ್ತ್ರ 2002ರ ಜೈವಿಕ ವೈವಿಧ್ಯ ಕಾಯ್ದೆ. ಕಡೂರು ತಾಲ್ಲೂಕಿನ ಹೊಗ್ರೇಕಾನ್‌ನ ಶೋಲಾ ಮತ್ತು ಹುಲ್ಲುಗಾವಲಿನ 2,508 ಎಕರೆ ಪ್ರದೇಶ ಈ ಕಾಯ್ದೆಯಡಿ ಪಾರಂಪರಿಕ ತಾಣವಾಗಿದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕೆಂಬ ನಿಯಮವೂ ಇದೆ. 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎಚ್ಚರಿಸಿದ ಮೇಲೆ ದೇಶದೆಲ್ಲೆಡೆ ದಾಖಲಾತಿಗೆ ವೇಗ ಬಂತು. ದಂಡದ ಗಡುವಿಗೆ ಬರೆದ ಪುಸ್ತಕ ಹಳ್ಳಿಯ ಜ್ಞಾನವನ್ನು ಎಷ್ಟು ಹಿಡಿದಿಟ್ಟೀತು? ಈ ಸಮಿತಿಗಳಿಗೆ ತೋಟದ ಮರದ ವಿಷಯದಲ್ಲಿ ಯಾವ ಅಧಿಕಾರವೂ ಇಲ್ಲ ಎಂಬುದು ಇನ್ನೂ ದೊಡ್ಡ ಕೊರತೆ.

ಇಲಾಖೆ ಮತ್ತು ಜನ ಒಟ್ಟಾಗಿ ಕೆಲಸ ಮಾಡಬಲ್ಲರು ಎಂಬುದಕ್ಕೆ ಆನೆ ಸಮಸ್ಯೆಯೇ ಸಾಕ್ಷಿ. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಬಳಿ ಕಾಡಾನೆ ದಾಳಿಗೆ ಮಹಿಳೆ ಬಲಿಯಾದಾಗ ಸ್ಥಳಕ್ಕೆ ಬಂದ ಶಾಸಕರೇ ಜನರ ಆಕ್ರೋಶಕ್ಕೆ ಗುರಿಯಾಗಿದ್ದರು. ಬೆನ್ನಿಗೇ ಚಿಕ್ಕಮಗಳೂರು ಸೇರಿ ನಾಲ್ಕು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ರಚನೆಯಾಯಿತು. ಆನೆಗಳಿರುವ ಜಾಗವನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ ಈ ಏರ್ಪಾಡು ಸಮಸ್ಯೆಯನ್ನು ಬಗೆಹರಿಸಿಲ್ಲ. ಆದರೆ ಸಿಬ್ಬಂದಿಗೆ ತೋಟದವರು ಸುದ್ದಿ ಕೊಡುತ್ತಾರೆ, ಬೆಳಗಿನ ಹಾಜರಿಗೆ ಮೊದಲೇ ಕೂಲಿಕಾರರಿಗೆ ಎಚ್ಚರಿಕೆ ಮುಟ್ಟುತ್ತದೆ. ಮರದ ವಿಷಯದಲ್ಲಿ ಇಂಥ ಕೊಡುಕೊಳ್ಳುವಿಕೆ ಇಲ್ಲ.

ಈ ನಡುವೆ ಹೊರಗಿನಿಂದ ಹೊಸ ನಿಯಮ ಬರುತ್ತಿದೆ. ಅರಣ್ಯನಾಶ ಮಾಡಿ ಬೆಳೆದ ಕಾಫಿಗೆ ತನ್ನ ಮಾರುಕಟ್ಟೆ ಮುಚ್ಚುವ ಕಾನೂನನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಅಂಗೀಕರಿಸಿ, ಜಾರಿಯನ್ನು ಎರಡು ಬಾರಿ ಮುಂದೂಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲವೇ ಎಂದು ಅದು ಕೇಳುತ್ತದೆ. ಹಳೆಯ ತೋಟದೊಳಗೆ ಅತ್ತಿಮರ ಹೋಗಿ ಸಿಲ್ವರ್ ಬಂದಿದೆಯೇ ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಇಲ್ಲಿನವರೇ ಕೇಳಬೇಕು. ತಾನೇ ನೆಟ್ಟು ಬೆಳೆಸಿದ ಸ್ಥಳೀಯ ಮರವನ್ನು ಪಂಚಾಯಿತಿ ಸಮಿತಿಯಲ್ಲಿ ನೋಂದಾಯಿಸಿದ ಬೆಳೆಗಾರನಿಗೆ ಅದನ್ನು ಕಡಿಯುವ ಹಕ್ಕು ಅರ್ಜಿಯಿಲ್ಲದೆ ದೊರೆಯುವಂತೆ 1976ರ ಕಾಯ್ದೆಗೆ ತಿದ್ದುಪಡಿ ತರುವುದಕ್ಕೆ ದೆಹಲಿಯ ಕರಡಿಗಾಗಿ ಕಾಯಬೇಕಾಗಿಲ್ಲ. ಅದು ವಿಧಾನಸೌಧದ ಕೈಯಲ್ಲೇ ಇದೆ.