ಕೆಳಗಿರೋ ಹಣ್ಣು ಬಿಡಿಸೋರು ಯಾರು?

'ಲೋ ಹ್ಯಾಂಗಿಂಗ್ ಫ್ರೂಟ್' ಅನ್ನೋ ಮಾತು ಕಿವಿಗೆ ಬೀಳದೆ ಒಂದು ವಾರ ಕಳೆದಿದ್ದರೆ ನೀವು ರಜೆಯಲ್ಲಿದ್ದಿರಿ ಅಂತಲೇ ಅರ್ಥ. ಕೈಗೆಟಕುವ ಹಣ್ಣು. ಮರ ಹತ್ತೋದು ಬೇಡ, ದೋಟಿ ಬೇಡ, ಕಿತ್ತುಕೊಂಡರಾಯ್ತು. 1990ರ ದಶಕದಲ್ಲಿ ಅಮೆರಿಕದ ಮ್ಯಾನೇಜ್‌ಮೆಂಟ್ ಭಾಷೆಯಲ್ಲಿ ಹಬ್ಬಿದ ಈ ನುಡಿಗಟ್ಟು ಈಗ ನಮ್ಮ ಪ್ರತಿ ಪ್ಲಾನಿಂಗ್ ಮೀಟಿಂಗಲ್ಲೂ ಜೋತಾಡುತ್ತಿದೆ.

ಸೇಬಿನ ಮರಕ್ಕೆ ಈ ಲೆಕ್ಕ ಸರಿಯಿರಬಹುದು. ನಮ್ಮ ಹಲಸಿಗೆ? ಹಲಸು ಕಾಂಡದಲ್ಲೇ ಬಿಡುತ್ತೆ, ಒಮ್ಮೊಮ್ಮೆ ಬುಡದಲ್ಲೇ. ಕೂತಲ್ಲಿಂದಲೇ ಮುಟ್ಟಬಹುದು. ಆದರೆ ಕೆಲಸ ಶುರುವಾಗೋದೇ ಕಿತ್ತ ಮೇಲೆ. ಕೈಗೂ ಕತ್ತಿಗೂ ಎಣ್ಣೆ ಸವರಬೇಕು, ಸೀಳಬೇಕು, ಮೇಣ ಒರೆಸಬೇಕು, ಗೂಂಜು ತೆಗೆದು ತೊಳೆ ಬಿಡಿಸಬೇಕು. ಹಣ್ಣು ಕೈಗೆಟಕಿದ್ದಕ್ಕೂ ತೊಳೆ ತಟ್ಟೆಗೆ ಬಂದದ್ದಕ್ಕೂ ನಡುವೆ ಯಾರದೋ ಒಂದು ಮಧ್ಯಾಹ್ನ ಹೋಗಿರುತ್ತೆ.

ಆಫೀಸಲ್ಲೂ ಹಣ್ಣು ತೋರಿಸೋರು ಒಬ್ಬರು, ಮೇಣ ಮೆತ್ತಿಸಿಕೊಳ್ಳೋರು ಇನ್ನೊಬ್ಬರು. "ಬರೀ ಒಂದು ಬಟನ್ ಅಲ್ವಾ" ಅಂತಾರೆ. ಆ ಬಟನ್ ಹಿಂದೆ ಯಾರೂ ಮುಟ್ಟದ ಹಳೇ ಕೋಡು, ಟೆಸ್ಟಿಂಗು, ಮೂರು ಜನರ ಅಪ್ರೂವಲ್ಲು, ನಡುರಾತ್ರಿಯ ಡಿಪ್ಲಾಯ್‌ಮೆಂಟು. ಅಪ್ರೈಸಲ್ ಹೊತ್ತಿಗೆ ಅದೇ ಕೆಲಸ "ಸುಲಭದ್ದು" ಅನ್ನೋ ಪಟ್ಟಿಗೆ ಸೇರಿರುತ್ತೆ. ಕೆಲಸ ಶುರುವಾಗುವ ಮೊದಲೇ ಅದರ ಬೆಲೆ ಇಳಿಸುವ ಮಾತು ಇದು. ನನ್ನ ಸಿಟ್ಟು ಇರೋದು ಇಲ್ಲಿ.

ಇನ್ನೊಂದು ಅಪಾಯವೂ ಇದೆ: ಕೆಳಗಿನದನ್ನಷ್ಟೇ ಕಿತ್ತು ಮನೆಗೆ ಹೋಗಿಬಿಡುವುದು. ಮೈಸೂರು ರಸ್ತೆಯಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟುವ ವೃಷಭಾವತಿಯನ್ನೇ ನೋಡಿ. ದಂಡೆಯ ಗೋಡೆಗೆ ಬಣ್ಣ ಬಳಿಯೋದು, ಸೇತುವೆಗೆ ಜಾಲರಿ ಹಾಕೋದು ಕೈಗೆಟಕುವ ಕೆಲಸ, ಫೋಟೋಕ್ಕೂ ಚೆನ್ನ. ಮನೆಗಳ ಕೊಳಚೆ, ಕಾರ್ಖಾನೆಗಳ ನೀರು ಹೊಳೆಗೆ ಸೇರದಂತೆ ತಡೆಯೋದು ತುದಿಕೊಂಬೆಯದು. ಅದನ್ನು 'ಮುಂದಿನ ಹಂತ'ಕ್ಕೆ ತಳ್ಳಿದರೆ ಆ ನೀರು ಹಂತಗಳಿಗಾಗಿ ಕಾಯೋದಿಲ್ಲ. ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ, ಅಲ್ಲಿಂದ ರೈತರ ಹೊಲಕ್ಕೆ ಹೋಗುತ್ತೆ.

ಬೇಗ ಆಗೋದನ್ನ ಮೊದಲು ಮಾಡೋದು ತಪ್ಪಾ ಅಂತ ಕೇಳ್ತೀರಿ. ಖಂಡಿತ ತಪ್ಪಲ್ಲ. ಸಣ್ಣ ಗೆಲುವು ಟೀಮಿಗೆ ಉಸಿರು ಕೊಡುತ್ತೆ. ಆದರೆ ಯಾವುದು ಸುಲಭ ಅಂತ ಹೇಳಬೇಕಾದವರು ಬಿಡಿಸುವವರು, ಬೆರಳು ತೋರಿಸುವವರಲ್ಲ. ಮೇಲಿನ ಹಣ್ಣಿಗೂ ಒಂದು ತಾರೀಖು, ಒಬ್ಬರ ಹೆಸರು ಅದೇ ಮೀಟಿಂಗಲ್ಲೇ ಬರೆದಾಗಬೇಕು.

ಮುಂದಿನ ಸಲ ಯಾರಾದರೂ ಈ ಮಾತು ತೆಗೆದರೆ ಮ್ಯೂಟ್ ತೆಗೆದು ಎರಡೇ ಪ್ರಶ್ನೆ ಕೇಳಿ: ಬಿಡಿಸೋರು ಯಾರು, ಎಣ್ಣೆ ಎಲ್ಲಿದೆ?